ಹಾನಗಲ್ಲಿನಿಂದ ಹಾಯಿ ಬಿಚ್ಚಿದ್ದು

ನಿವೃತ್ತಿಯಾದವರಿಗೆ ಎರಡು ರೋಗ ಅಂಟುತ್ತವೆ. ಒಂದು ಸಕ್ಕರೆ, ಇನ್ನೊಂದು ಯೂಟ್ಯೂಬು. ನನಗೆ ಸಕ್ಕರೆ ಇನ್ನೂ ಬಂದಿಲ್ಲ.

ಬೆಂಗಳೂರಿನ ಅಳಿಯ ಮೊಬೈಲಿನಲ್ಲಿ ಏನೋ ಒತ್ತಿ ಕೊಟ್ಟು ಹೋದ. ಅಂದಿನಿಂದ ದಿನಾ ಊಟವಾದ ಮೇಲೆ ಒಬ್ಬ ಬಿಳಿ ಗಡ್ಡದ ವಿದೇಶಿ ನನ್ನ ಅಂಗೈಯಲ್ಲಿ ಹಾಯಿಹಡಗು ನಡೆಸುತ್ತಾನೆ. ನನ್ನದೇ ವಯಸ್ಸು, ಮಂಡಿ ಮಾತ್ರ ನನ್ನದಲ್ಲ. ಪೆಸಿಫಿಕ್ಕಿನಲ್ಲಿ ದ್ವೀಪದಿಂದ ದ್ವೀಪಕ್ಕೆ ತೇಲುತ್ತ ಹೋಗುತ್ತಾನೆ. ಹೆಂಡತಿ ಹಾಯಿಯ ಹಗ್ಗ ಎಳೆಯುತ್ತಾಳೆ, ಈತ ಚುಕ್ಕಾಣಿ ಹಿಡಿದು ಕೂತು ತತ್ವ ಹೇಳುತ್ತಾನೆ. ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು.

ಮನೆಯಲ್ಲಿ ಪ್ರಸ್ತಾಪ ಮಾಡಿದೆ.

“ನಿಮಗ ಈಜಾಕ ಬರ್ತೈತೇನ್ರಿ?” ಎಂದಳು ನಮ್ಮವಳು.

“ಹಡಗಿನ್ಯಾಗ ಕುಂತಾಂವಗ ಈಜು ಯಾಕ ಬೇಕು?”

“ಹ್ವಾದ ವಾರ ಬಚ್ಚಲದಾಗ ಬಿದ್ದಿದ್ರಿ. ಅದರಾಗ ಒಂದ ತಂಬಗಿ ನೀರು ಇದ್ದಿದ್ದಿಲ್ಲ.”

ಚರ್ಚೆ ಅಲ್ಲಿಗೆ ಮುಗಿಯಿತು. ಆಸೆ ಮುಗಿಯಲಿಲ್ಲ. ಮೂವತ್ತೊಂದು ವರ್ಷ ಭೂಗೋಳ ಕಲಿಸಿದವನು ನಾನು. ಅಟ್ಲಾಸ್ ತೆಗೆದು ನೋಡಿದರೆ ಹಾನಗಲ್ಲೂ ಕೆರಿಬಿಯನ್ನಿನ ಮಾರ್ಟಿನೀಕ್ ದ್ವೀಪವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ, ಹದಿನಾಲ್ಕೂವರೆ ಡಿಗ್ರಿಯ ಆಚೀಚೆ. ಉಷ್ಣವಲಯದ ಬಿಸಿಲು ನಮ್ಮಲ್ಲೂ ಧಾರಾಳವಾಗಿದೆ. ಕೊರತೆ ಸಮುದ್ರದ್ದು ಮಾತ್ರ.

ಹಾಯಿಹಡಗು ಎಂದರೆ ಬಿಳಿಯರದೇ ಆಟ ಎಂದುಕೊಳ್ಳಬೇಡಿ. ನಮ್ಮ ನೌಕಾಪಡೆಯ ದಿಲೀಪ್ ದೋಂಡೆ 2009-10ರಲ್ಲಿ ಒಬ್ಬರೇ ಹಾಯಿ ಕಟ್ಟಿ ಭೂಮಿ ಸುತ್ತಿ ಬಂದರು. ಅಭಿಲಾಷ್ ಟಾಮಿ 2012-13ರಲ್ಲಿ ಎಲ್ಲಿಯೂ ನಿಲ್ಲದೆ, ಸುಮಾರು 150 ದಿನಗಳಲ್ಲಿ ಅದೇ ಕೆಲಸ ಮಾಡಿದರು. 2017-18ರಲ್ಲಿ ‘ತಾರಿಣಿ’ ಹಡಗಿನ ಆರು ಜನ ಹೆಣ್ಣುಮಕ್ಕಳು ಸುತ್ತಿ ಬಂದರು. ದೋಂಡೆ ಮತ್ತು ಟಾಮಿ ಇಬ್ಬರೂ ಹೋದ ಹಡಗು ಗೋವಾದಲ್ಲಿ ಕಟ್ಟಿದ್ದು, ಹೆಸರು ‘ಮ್ಹಾದೇಯಿ’. ಅಂದರೆ ನಮ್ಮ ಮಹದಾಯಿ! ನರಗುಂದ, ನವಲಗುಂದದ ರೈತರು ಯಾವ ನದಿಯ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತರೋ ಅದೇ ನದಿಯ ಹೆಸರು. ನೀರು ಘಟ್ಟ ಹತ್ತಿ ಈಚೆ ಬರುವ ಮೊದಲೇ ಹೆಸರು ಭೂಮಂಡಲ ತಿರುಗಿ ಬಂತು.

ಇಷ್ಟು ಓದಿಕೊಂಡ ಮೇಲೆ ಸುಮ್ಮನೆ ಕೂರುವುದು ಹೇಗೆ? ಆಷಾಢದ ಗಾಳಿ ಬೀಸುತ್ತಿತ್ತು. ನಮ್ಮೂರ ಆನಿಕೆರೆಯಲ್ಲಿ ಮೀನು ಹಿಡಿಯುವ ಹಳೆಯ ಪರಿಚಯದವನೊಬ್ಬನ ಹತ್ತಿರ ಹರಗೋಲು ಇತ್ತು. ಬಿದಿರಿನ ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಹಿಂದೆ ತೊಗಲು ಹೊದಿಸುತ್ತಿದ್ದರು. ಮನೆಯ ತಾಡಪತ್ರಿ ಮತ್ತು ಒಂದು ಬಿದಿರು ಗಳ ಹೊತ್ತುಕೊಂಡು ಹೋದೆ.

“ಮಾಸ್ತರ, ಇದು ಹರಗೋಲ ಐತಿ, ತೇರಲ್ಲ,” ಎಂದ.

ನಾನು ಗಾಳಿಯ ಶಕ್ತಿಯ ಬಗ್ಗೆ ಸಣ್ಣ ಪಾಠ ಮಾಡಿದೆ. ಆತ ನನ್ನ ಶಿಷ್ಯನೂ ಹೌದು, ಹಿಂದೆ ಎರಡು ಸಲ ನಪಾಸು ಮಾಡಿದ್ದೆ. ಆ ಗೌರವಕ್ಕೆ ಸುಮ್ಮನಾದ. ಗಳ ನಿಲ್ಲಿಸಿ ತಾಡಪತ್ರಿ ಬಿಚ್ಚಿದೆವು. ಗಾಳಿ ತುಂಬಿತು. ಎದುರಿಗೆ ಊರು ಕಂಡಿತು. ಆಮೇಲೆ ಏರಿ, ಏರಿಯ ಮೇಲೆ ಎಮ್ಮೆಗಳು, ಬತ್ತದ ಗದ್ದೆ, ಮತ್ತೆ ಊರು, ಮತ್ತೆ ಎಮ್ಮೆಗಳು. ಹರಗೋಲು ಮುಂದೆ ಒಂದು ಮಾರೂ ಹೋಗಲಿಲ್ಲ. ಮದುವೆ ಮನೆಯ ಒರಳಲ್ಲಿ ಗುಂಡುಕಲ್ಲು ತಿರುಗಿದಂತೆ ನಿಂತಲ್ಲೇ ತಿರುಗಿತು. ಏರಿಯ ಮೇಲಿನ ಹುಡುಗರು ಗಟ್ಟಿಯಾಗಿ ಎಣಿಸಿದರು, ಹನ್ನೊಂದು ಸುತ್ತು! ಟಾಮಿಯವರಿಗೆ ಒಂದು ಸುತ್ತಿಗೆ 150 ದಿನ ಬೇಕಾಯಿತು.

ತಪ್ಪು ಎಲ್ಲಿ ಎಂಬುದು ವಾಂತಿ ನಿಂತ ಮೇಲೆ ಹೊಳೆಯಿತು. ಹಾಯಿಹಡಗಿನ ಹೊಟ್ಟೆಯ ಕೆಳಗೆ ನೀರಲ್ಲಿ ಇಳಿದ ಭಾರದ ರೆಕ್ಕೆಯೊಂದು ಇರುತ್ತದೆ. ಗಾಳಿ ಅಡ್ಡ ತಳ್ಳಿದರೆ ಅದು ನೀರನ್ನು ಗಟ್ಟಿ ಹಿಡಿದು ಹಡಗನ್ನು ಮುಂದಕ್ಕೆ ಜಾರಿಸುತ್ತದೆ. ಹರಗೋಲಿಗೆ ರೆಕ್ಕೆ ಇಲ್ಲ, ಚುಕ್ಕಾಣಿ ಇಲ್ಲ, ಹಿಂದು ಮುಂದು ಮೊದಲೇ ಇಲ್ಲ. ಅಂಬಿಗ ಒಂದು ಬದಿಗೆ ಕೂತು ಹುಟ್ಟಿನಿಂದ ನೀರನ್ನು ತನ್ನ ಕಡೆ ಎಳೆದುಕೊಂಡರೆ ಆ ಬದಿಯೇ ಅದಕ್ಕೆ ಮುಂದು.

ದಂಡೆಯಲ್ಲಿ ಕೂತು ಬೀಡಿ ಹಚ್ಚಿ ಆತ ಹೇಳಿದ: “ನಡುಗಡ್ಡಿ ನೋಡೂದಿತ್ತಂದ್ರ ವರದಾ ಬಂದಾಗ ಹೇಳ್ರಿ ಸರ. ನಾವು ಹೋಗೂದ ಬ್ಯಾಡ, ಊರ ನಡುಗಡ್ಡಿ ಆಗ್ತಾವ.” 2019ರ ಆಗಸ್ಟಿನಲ್ಲಿ ವರದಾ ಉಕ್ಕಿದಾಗ ಹೊಳೆಸಾಲಿನ ಹಳ್ಳಿಗಳ ಪಾಡು ಹಾಗೇ ಆಗಿತ್ತು. ಆಗ ದೋಣಿ ಹತ್ತಿದವರು ಯಾರೂ ವಿಹಾರಕ್ಕೆ ಹತ್ತಿದವರಲ್ಲ. ನಾನು ತಾಡಪತ್ರಿ ಮಡಚಿದೆ.

ಹಾಗೆಂದು ಯಾನ ಕೈಬಿಡಲಿಲ್ಲ, ವಾಹನ ಬದಲಿಸಿದೆ. ಕೆಂಪು ಬಸ್ಸು. ಅದರ ಕಿಟಕಿಯ ಪರದೆ ಹಾಯಿಗಿಂತ ಚೆನ್ನಾಗಿ ಬಡಿಯುತ್ತದೆ, ರಸ್ತೆಯ ಗುಂಡಿಗಳಲ್ಲಿ ಅಲೆಯ ಏರಿಳಿತವೂ ಸಿಗುತ್ತದೆ. ಮೊದಲ ಬಂದರು ಸವಣೂರು, ಕಾರಣ ಅಲ್ಲಿಯ ವೀಳ್ಯದೆಲೆ. ಫಿಜಿಯ ಹಳ್ಳಿಗೆ ಹಾಯಿಹಡಗಿನವರು ಬರಿಗೈಯಲ್ಲಿ ಹೋಗುವಂತಿಲ್ಲ. ಟೊಪ್ಪಿಗೆ ತೆಗೆದು, ನೆಲಕ್ಕೆ ಕೂತು, ಕಾವಾ ಬೇರಿನ ಕಟ್ಟನ್ನು ಊರ ಹಿರಿಯರ ಮುಂದಿಡಬೇಕು. ಅವರು ಒಪ್ಪಿದರೆ ಆ ಬೇರಿನ ಪಾನೀಯ ಕೊಡುತ್ತಾರೆ. ಕುಡಿಯುವ ಮುಂಚೆ ಒಂದು ಚಪ್ಪಾಳೆ, ಕುಡಿದ ಮೇಲೆ ಮೂರು. ವಿಡಿಯೋದವನು ಇದನ್ನು ದೊಡ್ಡ ಅದ್ಭುತವೆಂಬಂತೆ ತೋರಿಸಿದ. ನಮ್ಮಲ್ಲಿ ವೀಳ್ಯ ಕೊಡುವುದು ಇನ್ನೇನು?

ಸವಣೂರಿನ ಕಲ್ಮಠದ ದೊಡ್ಡ ಹುಣಸೆ ಮರಗಳನ್ನೂ ನೋಡಿದೆ. ಹೆಸರಿಗೆ ಹುಣಸೆ, ಜಾತಿಯಲ್ಲಿ ಆಫ್ರಿಕದ ಬಾವೊಬಾಬ್. ಏಳೆಂಟು ಜನ ಕೈಕೈ ಹಿಡಿದರೂ ತಬ್ಬಲು ಬಾರದ ಬೊಡ್ಡೆ. ಸಮುದ್ರಯಾನ ಮಾಡಿದ ವಂಶ ಎಂದರೆ ಅದು. ನಾನು ಟೊಪ್ಪಿಗೆ ತೆಗೆದೆ.

ಸಂಜೆ ಗಿರ್ಮಿಟ್ಟು ತಿಂದೆ. ಒಗ್ಗರಣೆ ಹಾಕಿದ ಉಳ್ಳಾಗಡ್ಡಿ, ಹುಣಸೆ ಹುಳಿ, ಪುಟಾಣಿ ಹಿಟ್ಟು, ಚುರುಮರಿ, ಪಕ್ಕಕ್ಕೆ ಎರಡು ಮಿರ್ಚಿ. ಫಿಜಿಯಲ್ಲಿಯೂ ಗಿರ್ಮಿಟ್ ಇದೆ, ಆದರೆ ಅದು ತಿನ್ನುವುದಲ್ಲ. 1879ರಿಂದ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕಬ್ಬಿನ ತೋಟದ ಕೂಲಿಗೆ ಹಡಗು ಹತ್ತಿಸಿ ಒಯ್ದರು. ಹೆಬ್ಬೆಟ್ಟು ಒತ್ತಿಸಿಕೊಂಡ ಆ ‘ಅಗ್ರಿಮೆಂಟ್’ ಅವರ ಬಾಯಲ್ಲಿ ಗಿರ್ಮಿಟ್ ಆಯಿತು, ಅವರು ಗಿರ್ಮಿಟಿಯರಾದರು. ಎರಡನೆಯ ಮಿರ್ಚಿ ಅಷ್ಟು ರುಚಿಸಲಿಲ್ಲ.

ಶಿಗ್ಗಾವಿಯಲ್ಲಿ ಯಾನ ಬೇಗ ಮುಗಿಯಿತು. ಅಲ್ಲಿ ಹೆದ್ದಾರಿ ದಾಟುವುದೇ ಜಲಸಂಧಿ ದಾಟಿದ ಹಾಗೆ. ಕನಕದಾಸರ ಬಾಡಕ್ಕೆ ಇನ್ನೊಮ್ಮೆ ಹೋಗಬೇಕು. ಅಲ್ಲಿಂದ ಹಿರೇಕೆರೂರು. ಹೆಸರಲ್ಲೇ ಹಿರಿಯ ಕೆರೆಯಿದೆ, ಆ ಸೀಮೆಯ ಮದಗ-ಮಾಸೂರು ಕೆರೆಯಂತೂ ನನ್ನ ಪಾಲಿನ ಪೆಸಿಫಿಕ್. ಕುಮುದ್ವತಿ ಹೊಳೆಯನ್ನು ಎರಡು ಗುಡ್ಡಗಳ ನಡುವೆ ತಡೆದು ನಿಲ್ಲಿಸಿದ್ದಾರೆ. ಕೋಡಿ ಬಿದ್ದರೆ ಭೋರೆಂದು ಧುಮುಕುತ್ತದೆ. ಕೆಂಚಮ್ಮನ ಜನಪದ ಹಾಡಿನ ಮದಗ ಇದೇ ಎಂದು ಇಲ್ಲಿಯವರು, ಅಲ್ಲ ತಮ್ಮದು ಎಂದು ಕಡೂರಿನವರು. ದಂಡೆಯಲ್ಲಿ ಒಬ್ಬ ಅಜ್ಜಿಗೆ ಸವಣೂರ ಎಲೆಯ ಕಟ್ಟು ಕೊಟ್ಟೆ, ಫಿಜಿ ಕ್ರಮದಲ್ಲೇ, ಕೂತು. ಅಜ್ಜಿ ಎಲೆಯನ್ನು ತಿರುಗಿಸಿ ನೋಡಿ, “ಅಡಕಿ ಎಲ್ಲೈತೋ ತಮ್ಮಾ?” ಎಂದಳು. ಚಪ್ಪಾಳೆ ತಟ್ಟಲಿಲ್ಲ.

ತಾಡಪತ್ರಿಯ ಮೇಲೆ ಈಗ ಮೆಣಸಿನಕಾಯಿ ಒಣಗುತ್ತಿದೆ. ಹಾನಗಲ್ಲಿನಲ್ಲಿ ಈಜು ಕಲಿಸುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ವಯಸ್ಸು ಅರವತ್ತಮೂರು, ನೀರು ಸೊಂಟಮಟ್ಟ ದಾಟಬಾರದು, ಏರಿಯ ಮೇಲೆ ಹುಡುಗರು ಇರಬಾರದು.