ಲಿನಕ್ಸ್ ರಾಯರು

ಹೊಸದಾಗಿ ಸಿಗರೇಟು ಬಿಟ್ಟವರ ಎದುರು ಕೂರಬಹುದು, ಹೊಸದಾಗಿ ಸಿರಿಧಾನ್ಯ ಹಿಡಿದವರ ಎದುರೂ ಹೇಗೋ ಕೂರಬಹುದು. ಹೊಸದಾಗಿ ಲಿನಕ್ಸ್ ಹಾಕಿಕೊಂಡವರ ಎದುರು ಕೂರುವುದು ಮಾತ್ರ ಕಷ್ಟ. ನಮ್ಮ ಬಡಾವಣೆಯ ರಾಯರು ಈ ಮೂರನೆಯ ಪಂಗಡದವರು. ಖಜಾನೆ ಇಲಾಖೆಯಿಂದ ನಿವೃತ್ತರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹನ್ನೊಂದಕ್ಕೆ ಬಡ್ತಿ ಪಡೆಯುವ ಅರ್ಹತೆ ಅವರ ಲ್ಯಾಪ್‌ಟಾಪಿಗೆ ಇರಲಿಲ್ಲ. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಉಬುಂಟು ಹಾಕಿಕೊಟ್ಟು ಹಾಸ್ಟೆಲಿಗೆ ಹೋದ. ಅಂದಿನಿಂದ ಮೌಸ್ ಹಿಡಿದವರನ್ನು ಕಂಡರೆ ರಾಯರಿಗೆ ಅಯ್ಯೋ ಪಾಪ ಅನ್ನಿಸುತ್ತದೆ.

ಆಗಬೇಕಿದ್ದ ಕೆಲಸ ಸಣ್ಣದು. ಮೊಮ್ಮಗಳ ನಾಮಕರಣದ ಫೋಟೊಗಳನ್ನು ಒಂದು ಕಡೆ ಹಾಕಿ ಮಗಳ ಮನೆಗೆ ಕೊಡಬೇಕು. ಅದಕ್ಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಟಿಬಿಯ ಹಾರ್ಡ್ ಡಿಸ್ಕ್ ಬಂತು. ಬಂದ ಹಾಗೆಯೇ ಚುಚ್ಚಿದ್ದರೂ ಉಬುಂಟು ತಕರಾರಿಲ್ಲದೆ ತೆರೆದು ತೋರಿಸುತ್ತಿತ್ತು. ಆದರೆ ಅದರೊಳಗೆ ಇದ್ದದ್ದು ಎನ್‌ಟಿಎಫ್‌ಎಸ್.

“ವಿಂಡೋಸ್ ಮೈಲಿಗೆ. ಮೊದಲು ಶುದ್ಧಿಯಾಗಲಿ” ಎಂದರು ರಾಯರು. ಪಾರ್ಟಿಷನ್ ಮಾತ್ರ ಕಾರ್ಖಾನೆಯವರು ಮಾಡಿದ್ದೇ ಇರಲಿ ಎಂದು ಔದಾರ್ಯ ತೋರಿದರು.

ಟರ್ಮಿನಲ್ ತೆರೆದು ಎಲ್‌ಎಸ್‌ಬಿಎಲ್‌ಕೆ ಎಂದು ಒತ್ತಿದರು. ಪಟ್ಟಿ ಬಂತು. ಎಸ್‌ಡಿಎ ಅಂದರೆ ಲ್ಯಾಪ್‌ಟಾಪಿನ ಸ್ವಂತದ್ದು, ಎಸ್‌ಡಿಬಿ ಹೊಸದು. “ಕೊನೆಯ ಅಕ್ಷರ ಒಂದು ತಪ್ಪಿತೋ, ಇಷ್ಟು ವರ್ಷದ ಮನೆ ಲೆಕ್ಕವೆಲ್ಲ ಗೋವಿಂದ!” ಎನ್ನುತ್ತ, ದೊಡ್ಡ ಮೊತ್ತದ ಬಿಲ್ಲು ಪಾಸು ಮಾಡುವವರ ಹಾಗೆ ಬೆರಳಿಟ್ಟು ಓದಿದರು. ಬೆರಳು 931ರ ಮೇಲೆ ನಿಂತಿತು. “ಸಾವಿರ ಅಂತ ಹೇಳಿ 931 ಕೊಟ್ಟಿದ್ದಾನೆ!” ಎಂದು ಅಂಗಡಿಗೆ ಹೊರಟೇಬಿಟ್ಟವರಿಗೆ ಚಪ್ಪಲಿ ಮೆಟ್ಟುವಾಗ ಹೊಳೆಯಿತು: ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಈ ಪಟ್ಟಿ 1024ರ ಲೆಕ್ಕ ಹಿಡಿಯುತ್ತದೆ. ಕಾಗದದ ಮೇಲೆ ತಾಳೆ ನೋಡಿದರು. ತಾಳೆಯಾಯಿತು. ಖಜಾನೆಯವರ ಕೋಪ ಅಲ್ಲಿಗೆ ಮುಗಿಯುತ್ತದೆ.

ಅನ್‌ಮೌಂಟ್ ಮಾಡಿ, ಸುಡೊ ಹಚ್ಚಿ, ಇಎಕ್ಸ್‌ಟಿ4 ಫಾರ್ಮ್ಯಾಟಿಗೆ ಆದೇಶ ಕೊಟ್ಟರು. ಒಳಗೆ ಎನ್‌ಟಿಎಫ್‌ಎಸ್ ಇದೆಯಲ್ಲ, ಆದರೂ ಮುಂದುವರಿಯಲೇ ಎಂದು ಯಂತ್ರ ಕೇಳಿತು. ‘ವೈ’ ಒತ್ತಿದರು. ಕಾಫಿ ಆರುವುದರೊಳಗೆ ಶುದ್ಧಿ ಮುಗಿಯಿತು. ಮತ್ತೆ ಮೌಂಟ್ ಮಾಡಿದರೆ ಹೂಂ ಇಲ್ಲ, ಉಹೂಂ ಇಲ್ಲ. ಕೆಲಸ ಸರಿಯಾಗಿ ಆದರೆ ಲಿನಕ್ಸ್ ತುಟಿ ಬಿಚ್ಚುವುದಿಲ್ಲ. “ನಮ್ಮ ಸಾಹೇಬರೂ ಹೀಗೇ ಇದ್ದರು” ಎಂದು ರಾಯರ ಭಕ್ತಿ ಇಮ್ಮಡಿಸಿತು.

ಫೋಟೊ ಹಾಕಹೋದರೆ ‘ಪರ್ಮಿಷನ್ ಡಿನೈಡ್’.

“ರೀ, ದುಡ್ಡು ಕೊಟ್ಟವರು ನಾವು. ಬೇಡ ಅನ್ನೋಕೆ ಇದು ಯಾರು?”

“ರೂಟ್ ಕಣೇ. ಡಿಸ್ಕ್ ಈಗ ಅವನ ಹೆಸರಿನಲ್ಲಿದೆ.”

“ಯಾವ ಊರಿನವನಂತೆ?”

ಚೌನ್ ಎಂಬ ಆದೇಶ ಕೊಟ್ಟು ರಾಯರು ಡಿಸ್ಕನ್ನು ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಂಡರು. “ಅರ್ಜಿಯಿಲ್ಲ, ಅಲೆದಾಟವಿಲ್ಲ, ಕೈ ಬಿಸಿ ಮಾಡೋದಂತೂ ಇಲ್ಲವೇ ಇಲ್ಲ. ಒಂದೇ ಸಾಲಿಗೆ ಖಾತೆ ಬದಲಾವಣೆ!” ಎಂದು ಮರುದಿನ ಪಾರ್ಕಿನಲ್ಲಿ ಎಲ್ಲರಿಗೂ ಹೇಳಿದರು. ಸೈಟಿನ ಖಾತೆಗಾಗಿ ಅಲೆಯುತ್ತಿದ್ದ ಒಬ್ಬರು ಲಿನಕ್ಸ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು.

ಇಷ್ಟಾದರೂ ಫೋಟೊಗೆ ಮುಹೂರ್ತ ಬರಲಿಲ್ಲ. ಲ್ಯಾಪ್‌ಟಾಪ್ ಆನ್ ಮಾಡಿದಾಗ ಡಿಸ್ಕ್ ತಾನಾಗಿ ಸೇರಿಕೊಳ್ಳಲೆಂದು ಅದರ 36 ಅಕ್ಷರಗಳ ಯುಯುಐಡಿಯನ್ನು ಎಫ್‌ಎಸ್‌ಟ್ಯಾಬ್ ಕಡತದಲ್ಲಿ ದಾಖಲಿಸಿದರು. ಡಿಸ್ಕ್ ಬೀರುವಿನಲ್ಲಿದ್ದ ದಿನ ಲ್ಯಾಪ್‌ಟಾಪ್ ಒಂದೂವರೆ ನಿಮಿಷ ಅದರ ದಾರಿ ಕಾದು, ಎಮರ್ಜೆನ್ಸಿ ಮೋಡಿಗೆ ಹೋಗಿ ಮಲಗಿತು. ‘ನೋಫೇಲ್’ ಎಂದು ಸೇರಿಸಿದ ಮೇಲೆಯೇ ಎದ್ದದ್ದು. “ಫೋಟೊ ಹಾಕಿದಿರಾ?” ಎಂದು ಮನೆಯವರು ಕೇಳಿದಾಗಲೆಲ್ಲ ಉತ್ತರ ಒಂದೇ: “ವ್ಯವಸ್ಥೆ ನಡೀತಿದೆ.”

ಅಂತೂ ಫೋಟೊಗಳು ಡಿಸ್ಕಿಗೆ ಇಳಿದವು. ಭಾನುವಾರ ಬಂದ ಅಳಿಯಂದಿರು ಅದನ್ನು ತಮ್ಮ ವಿಂಡೋಸ್ ಲ್ಯಾಪ್‌ಟಾಪಿಗೆ ಚುಚ್ಚಿದರು. ಇಎಕ್ಸ್‌ಟಿ4ರ ಗುರುತು ವಿಂಡೋಸಿಗೆ ಎಲ್ಲಿಯದು? ಬಳಸುವ ಮೊದಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಎಂದಿತು. ಅಳಿಯಂದಿರು ವಿಧೇಯರು, ಕೇಳಿದಲ್ಲೆಲ್ಲ ಓಕೆ ಒತ್ತಿದರು.

“ಮಾವ, ಇದರಲ್ಲಿ ಏನೂ ಇಲ್ಲವಲ್ಲ?”

ಮಗಳು ತಲೆ ಮೇಲೆ ಕೈಹೊತ್ತಳು. ಮನೆಯವರು ಅಳಿಯನಿಗೆ ಏನೂ ಅನ್ನಲಾಗದೆ ಗಂಡನ ಮುಖ ನೋಡಿದರು. ಆ ಮುಖ ಅರಳಿತ್ತು.

“ಫೋಟೊಗಳು ನನ್ನ ಲ್ಯಾಪ್‌ಟಾಪಿನಲ್ಲಿವೆ, ಯೋಚನೆ ಮಾಡಬೇಡಿ” ಎಂದು ರಾಯರು ಕನ್ನಡಕ ಒರೆಸಿಕೊಂಡರು. “ಈ ಸಲ ಪಾರ್ಟಿಷನ್ನಿಂದಲೇ ಶುರು ಮಾಡ್ತೀನಿ.”