ಪೆಟ್ರೋಲ್ ಹಾಕಿಸೋಕೆ ಮಾತ್ರ ಹೊರಗೆ ಬರ್ತೀನಿ

ಬಸವನಗುಡಿಯ ಹಳೇ ಮನೆಯೊಂದರ ಷೆಡ್ಡು. ಮೂರು ಪದರದ ಹೊದಿಕೆ ಸರಿಸಿದರೆ ಒಳಗೆ 1929ರ ಆಸ್ಟಿನ್ ಸೆವೆನ್. ನಮ್ಮ ಕಡೆ ಬೇಬಿ ಆಸ್ಟಿನ್ ಎಂದೇ ಹೆಸರು. ವಯಸ್ಸು ತೊಂಬತ್ತೈದು ದಾಟಿದರೂ ಬೇಬಿ ಎನ್ನುವುದು ಹೋಗಿಲ್ಲ. ಯಜಮಾನರು ತಿಂಡಿಗೆ ಒಳಗೆ ಹೋದ ಹೊತ್ತು ನೋಡಿಕೊಂಡು ಮಾತಿಗೆ ಕೂತೆ.

ನಾನು: ಬೇಬಿಯವರೇ, ಆರೋಗ್ಯ ಹೇಗಿದೆ?

ಬೇಬಿ: ನನ್ನದೇನಪ್ಪ, ನಾಲ್ಕು ಸಿಲಿಂಡರು, 747 ಸಿಸಿ. ಈಗಿನ ಹುಡುಗರ ಮೋಟಾರ್ ಸೈಕಲ್ಲಿಗೂ ಅಷ್ಟಿರುತ್ತೆ. ನೀರು ತಳ್ಳೋಕೆ ಪಂಪೂ ಇಲ್ಲ. ಬಿಸಿಯಾದ ನೀರು ತಾನೇ ಮೇಲೇಳುತ್ತೆ, ತಣ್ಣಗಾದದ್ದು ತಾನೇ ಕೆಳಗಿಳಿಯುತ್ತೆ. ಓಡ್ತಾ ಇದ್ರೆ ಸುಖವಾಗಿರ್ತೀನಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಲ್ಲಿಸಿದ್ರೆ ಮಾತ್ರ, ಅಕ್ಕಿ ತಂದು ಹಾಕು, ಎಸರು ರೆಡಿ.

ನಾನು: ನಿಮ್ಮನ್ನ ಓಡಿಸೋದು ಬಲು ಕಷ್ಟ ಅಂತಾರೆ.

ಬೇಬಿ: ಕಷ್ಟ ಅಲ್ಲ ಕಣಯ್ಯ, ಮರ್ಯಾದೆ ಬೇಕು. ಹ್ಯಾಂಡಲ್ ಹಾಕಿ ತಿರುಗಿಸೋ ಮುಂಚೆ ಸ್ಟೀರಿಂಗ್ ಮೇಲಿನ ಸಣ್ಣ ಲಿವರ್ ಎಳೆದು ಕಿಡಿ ತಡವಾಗಿ ಹಾರೋ ಹಾಗೆ ಮಾಡಬೇಕು. ಹೆಬ್ಬೆರಳು ಬೇರೆ ಬೆರಳುಗಳ ಪಕ್ಕದಲ್ಲೇ ಇರಬೇಕು, ಹ್ಯಾಂಡಲ್ಲನ್ನ ಸುತ್ತಿ ಹಿಡಿಯೋ ಹಾಗಿಲ್ಲ. ಹಿಡಿದರೆ ಎಂಜಿನ್ ಒಂದ್ಸಲ ಹಿಂದಕ್ಕೆ ಒದೆಯುತ್ತೆ, ನೀನು ಸಂಜಯ ಗಾಂಧಿ ಆಸ್ಪತ್ರೆಯಲ್ಲಿ ಇರ್ತೀಯ. ಕ್ಲಚ್ಚು ಹಿಡಿಯೋದು ಬಿಡೋದು ಎಲ್ಲಾ ಒಂದು ಬೆರಳಿನಗಲದೊಳಗೆ. ಹೊಸಬರು ಕೂತರೆ ಗೇಟಿನ ತನಕ ಕುಪ್ಪಳಿಸಿಕೊಂಡೇ ಹೋಗ್ತೀವಿ. ಇನ್ನು ಬ್ರೇಕು. ಕಾಲಲ್ಲಿ ತುಳಿಯೋದು ಹಿಂದಿನ ಚಕ್ರಕ್ಕೆ, ಕೈಲಿ ಎಳೆಯೋದು ಮುಂದಿನದಕ್ಕೆ. ಎರಡೂ ಸೇರಿಸಿ ಒತ್ತಿದರೂ ನಿಲ್ಲೋದು ನಿಧಾನ. ಅದಕ್ಕೇ ನಮ್ಮ ಯಜಮಾನರು ಎದುರಿನ ಕ್ರಾಸಿನಲ್ಲಿ ಏನು ಬರಬಹುದು ಅಂತ ಈ ಕ್ರಾಸಿನಲ್ಲೇ ಯೋಚಿಸ್ತಾರೆ.

ನಾನು: ತಿರುಗೋವಾಗ ಇಂಡಿಕೇಟರ್?

ಬೇಬಿ: ಕೈ ಹೊರಗೆ ಹಾಕ್ತಾರೆ. ಹಿಂದಿನವರು ತಮಗೇ ಟಾಟಾ ಮಾಡಿದರು ಅಂದುಕೊಂಡು ಫೋಟೋ ತೆಗೀತಾರೆ. ಮೊನ್ನೆ ಹಾಗೇ ಒಂದು ಬಿಎಂಡಬ್ಲ್ಯು ಹಿಂದೆ ನಿಂತು ಹಾರನ್ ಮೇಲೆ ಹಾರನ್. ಅದರ ಅಜ್ಜಿ ನಾನು ಅಂತ ಅದಕ್ಕೆ ಯಾರೂ ಹೇಳಿಲ್ಲ ಪಾಪ. ಜರ್ಮನಿಯಲ್ಲಿ ನನ್ನನ್ನೇ ಲೈಸೆನ್ಸ್ ತಗೊಂಡು ಡಿಕ್ಸಿ ಅಂತ ಮಾಡ್ತಿದ್ದರು. 1928ರಲ್ಲಿ ಆ ಕಂಪನಿಯನ್ನ ಬಿಎಂಡಬ್ಲ್ಯು ಕೊಂಡುಕೊಳ್ತು. ಅವರ ಮೊದಲ ಕಾರು ಅದೇ. ಲೋಟಸ್ ಕಟ್ಟಿದ ಕಾಲಿನ್ ಚಾಪ್ಮನ್ ಮೊದಲು ಬಿಚ್ಚಿ ಜೋಡಿಸಿದ್ದು ನನ್ನ ಜಾತಿಯ ಹಳೇ ಗಾಡಿಯನ್ನೇ. ಬ್ರೂಸ್ ಮೆಕ್ಲಾರೆನ್ ಮೊದಲು ರೇಸ್ ಓಡಿಸಿದ್ದೂ ನಮ್ಮಲ್ಲೇ ಒಬ್ಬಳನ್ನ. ಈಗ ಅವರ ಹೆಸರಿನ ಕಾರುಗಳಿಗೆ ಕೋಟಿ ಬೆಲೆ.

ನಾನು: ನೀವೂ ಶ್ರೀಮಂತರ ಮನೆಯವರೇ ಅಲ್ಲವೇ?

ಬೇಬಿ: ಯಾರಪ್ಪ ಹೇಳಿದ್ದು? 1922ರಲ್ಲಿ ಹರ್ಬರ್ಟ್ ಆಸ್ಟಿನ್ ನನ್ನನ್ನ ಮಾಡಿದ್ದೇ ದೊಡ್ಡ ಕಾರು ಕೊಳ್ಳಲಾಗದವರಿಗೆ ಅಂತ. ಮೋಟಾರ್ ಸೈಕಲ್ಲಿಗೆ ಸೈಡ್ ಕಾರ್ ಸಿಕ್ಕಿಸಿಕೊಂಡು ಹೆಂಡತಿ ಮಕ್ಕಳನ್ನ ಮಳೆಯಲ್ಲಿ ನೆನೆಸಿಕೊಂಡು ಹೋಗ್ತಿದ್ದರಲ್ಲ, ಅವರಿಗೆ. ಕಂಪನಿಯ ನಿರ್ದೇಶಕರಿಗೆ ಮನಸ್ಸಿರಲಿಲ್ಲ. ಆತ ಸ್ಟಾನ್ಲಿ ಎಡ್ಜ್ ಅನ್ನೋ ಹದಿನೆಂಟರ ಹುಡುಗನನ್ನ ಮನೆಗೇ ಕರೆಸಿ, ಬಿಲಿಯರ್ಡ್ಸ್ ಕೋಣೆಯಲ್ಲಿ ಕೂರಿಸಿ ನಕ್ಷೆ ಬರೆಸಿದ. ಮೇಸ್ಟ್ರು, ಡಾಕ್ಟ್ರು, ಅಂಗಡಿಯವರು ದಿನಾ ಓಡಿಸಲಿ ಅಂತ ಹುಟ್ಟಿದವಳು ನಾನು. ಈಗ ದಿನಾ ಓಡಿಸೋದೊಂದೇ ನಿಷಿದ್ಧ.

ನಾನು: ನಿಷಿದ್ಧ ಅಂದರೆ?

ಬೇಬಿ: 2021ರ ಕೇಂದ್ರದ ನಿಯಮ ಓದಿಲ್ವಾ? ಐವತ್ತು ವರ್ಷ ದಾಟಿದ ಖಾಸಗಿ ಗಾಡಿ ವಿಂಟೇಜ್. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ 'ವಿಎ' ಅಂತ ಬರುತ್ತೆ, ಫೀಸು 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ದಿನಬಳಕೆಗೂ ಇಲ್ಲ, ಬಾಡಿಗೆಗೂ ಇಲ್ಲ. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಷ್ಟಕ್ಕೆ ಮಾತ್ರ ರಸ್ತೆಗೆ ಇಳೀಬಹುದು. ತಮಾಷೆ ಕೇಳು, ಮಾಮೂಲಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ, ಇಲ್ಲಾಂದ್ರೆ ಗುಜರಿ. ಹದಿನೈದಕ್ಕೆ ಮುದುಕಿ, ಐವತ್ತಕ್ಕೆ ದೇವತೆ. ನಡುವಿನ ಮೂವತ್ತೈದು ವರ್ಷ ತಲೆ ತಗ್ಗಿಸಿಕೊಂಡು ಬದುಕಿದ್ದವರಿಗೆ ಮಾತ್ರ ಆರತಿ.

ನಾನು: ಹಾಗಾದರೆ ನಿಮ್ಮ ಯಜಮಾನರು...

ಬೇಬಿ: ಅವರು ಕಾನೂನು ಮೀರೋರಲ್ಲ. ಪ್ರತೀ ಭಾನುವಾರ ಬೆಳಿಗ್ಗೆ ಆರಕ್ಕೆ ನನಗೆ ಪೆಟ್ರೋಲ್ ಹಾಕಿಸಬೇಕು ಅನ್ನಿಸುತ್ತೆ ಅವರಿಗೆ. ಬೀದಿ ತುದಿಯ ಬಂಕಿನ ಪೆಟ್ರೋಲ್ ಮನಸ್ಸಿಗೆ ಒಪ್ಪಲ್ಲ, ದೇವನಹಳ್ಳಿ ದಾಟಿದ ಮೇಲಿನದೇ ಆಗಬೇಕು. ಅಲ್ಲಿಗೆ ಹೋಗಿ ಬರೋಷ್ಟರಲ್ಲಿ ಹಾಕಿಸಿದ್ದೆಲ್ಲ ಖಾಲಿ. ಮುಂದಿನ ಭಾನುವಾರ ಮತ್ತೆ ಹಾಕಿಸಲೇಬೇಕಲ್ಲ! ಒಂದ್ಸಲ ಪೊಲೀಸಪ್ಪ ನಿಲ್ಲಿಸಿ ಕೇಳಿದ. ಟ್ಯಾಂಕಿನ ಮುಚ್ಚಳ ತೆಗೆದು ತೋರಿಸಿದರು. ನಿಜವಾಗಲೂ ಖಾಲಿ ಇತ್ತು. ಆತನೂ ಒಂದು ಸೆಲ್ಫಿ ತೆಗೆದುಕೊಂಡು ಬಿಟ್ಟ.

ನಾನು: ಈಗಿನ ಪೆಟ್ರೋಲ್ ರುಚಿಸುತ್ತಾ?

ಬೇಬಿ: ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. ಕಬ್ಬಿನ ರೈತನಿಗೆ ನಾಲ್ಕು ಕಾಸು ಸಿಕ್ಕರೆ ನನಗೂ ಸಂತೋಷವೇ. ಆದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತೆ, ಹಳೇ ರಬ್ಬರ್ ಪೈಪು ವಾಷರು ತಿನ್ನುತ್ತೆ. ಆಕ್ಟೇನ್ ಜಾಸ್ತಿ ಅಂತಾರೆ. ನನ್ನ ಕಂಪ್ರೆಷನ್ನು ಐದಕ್ಕೊಂದರ ಆಸುಪಾಸು, ಅದನ್ನ ಇಟ್ಟುಕೊಂಡು ನಾನೇನು ಮಾಡಲಿ?

ನಾನು: ಬಿಡಿಭಾಗ ಎಲ್ಲಿಂದ?

ಬೇಬಿ: ಇಂಗ್ಲೆಂಡಿನಲ್ಲಿ ಈಗಲೂ ಹೊಸದಾಗಿ ಮಾಡಿ ಮಾರ್ತಾರೆ. ಕಸ್ಟಮ್ಸ್ ಸುಂಕ ಕೇಳಿದ ಮೇಲೆ ಯಜಮಾನರು ಶಿವಾಜಿನಗರದ ಗುಜರಿಗೆ ಹೋಗ್ತಾರೆ. ಅಲ್ಲೂ ಸಿಗದಿದ್ದರೆ ಲೇತ್ ಮೇಸ್ತ್ರಿ. ಮುರಿದದ್ದನ್ನ ಕೈಯಲ್ಲಿ ತಿರುಗಿಸಿ ನೋಡಿ, ‘ಗುರುವಾರ ಬನ್ನಿ ಸಾರ್’ ಅಂತಾನೆ. ಯಾವ ಗುರುವಾರ ಅಂತ ಹೇಳಲ್ಲ. ಆದರೆ ಅವನು ಕಡೆದ ಬುಷ್ ಇವತ್ತಿನವರೆಗೂ ಅಲ್ಲಾಡಿಲ್ಲ.

ನಾನು: ರ್‍ಯಾಲಿಗಳಲ್ಲಿ ಬಹುಮಾನ ಬಂದಿದೆಯೇ?

ಬೇಬಿ: ನನಗಾ? ನಾನು ಓಡಿಕೊಂಡು ಹೋಗ್ತೀನಿ. ಬಾನೆಟ್ಟಿನ ಮೇಲೆ ಧೂಳು, ಗೇರ್‌ಬಾಕ್ಸಿನ ಕೆಳಗೆ ಎಣ್ಣೆ. ಬಹುಮಾನ ಹೋಗೋದು ಲಾರಿ ಮೇಲೆ ಮಲಗಿಕೊಂಡು ಬಂದವರಿಗೆ. ಇಳಿಸಿದ ತಕ್ಷಣ ಇಬ್ಬರು ಹುಡುಗರು ಟೈರಿಗೆ ಪಾಲಿಶ್ ಹಚ್ತಾರೆ. ತೀರ್ಪುಗಾರರು ಬಂದಾಗ ಎಂಜಿನ್ ಸ್ಟಾರ್ಟ್ ಆದರೆ ಸಾಕು. ಅವರನ್ನ ನೋಡಿ ಹೊಟ್ಟೆಕಿಚ್ಚಿಲ್ಲ, ಕನಿಕರ. ನಿಂತೇ ಇದ್ದರೆ ಬ್ಯಾಟರಿ ಸಾಯುತ್ತೆ, ಕಾರ್ಬುರೇಟರಿನ ಜೆಟ್ಟಿನಲ್ಲಿ ಪೆಟ್ರೋಲ್ ಒಣಗಿ ಅಂಟಾಗುತ್ತೆ, ಆಯಿಲ್ ಸೀಲು ಬಿರುಕು ಬಿಡುತ್ತೆ, ಸೀಟಿನೊಳಗೆ ಇಲಿ ಬಾಣಂತನ ಮಾಡುತ್ತೆ. ಓಡಿ ಕೆಟ್ಟವಳನ್ನ ಮೇಸ್ತ್ರಿ ಬೇಗ ಸರಿ ಮಾಡ್ತಾನೆ. ನಿಂತು ಕೆಟ್ಟವಳಿಗೆ ಎಲ್ಲಾ ಬಿಚ್ಚಬೇಕು.

ನಾನು: ಕೊನೆಯದಾಗಿ, ಏನಾದರೂ ಆಸೆ?

ಬೇಬಿ: ಗಾಂಧಿಬಜಾರಿಗೆ ಹೋಗಿ ಸೊಪ್ಪು ತರಬೇಕು. ಮೊದಲೆಲ್ಲ ತರ್ತಿದ್ದೆ.

ನಾನು: ಅದು ದಿನಬಳಕೆ ಆಗುತ್ತಲ್ಲ?

ಬೇಬಿ: ಹೌದಲ್ಲ... ಸೊಪ್ಪಿನ ಕಟ್ಟು ಬಾನೆಟ್ ಮೇಲಿಟ್ಟು ಅರ್ಧ ಗಂಟೆ ಅಲ್ಲೇ ನಿಂತರೆ? ಪ್ರದರ್ಶನ ಆಗಲ್ವಾ? ಯಜಮಾನರು ಕೈ ತೊಳೀತಿದ್ದಾರೆ, ಈಗಲೇ ಕೇಳಿಬಿಡು.