ಪುರುಸೊತ್ತಿಗೂ ಒಂದು ವೇಳಾಪಟ್ಟಿ

ಸೋಮಾರಿತನ ಗುರುಮುಖೇನ ಕಲಿಯಬೇಕಾದ ವಿದ್ಯೆಯಲ್ಲ ಎಂದು ನಂಬಿದ ಮನೆತನ ನಮ್ಮದು. ಒಂದು ಚಾಪೆ ಸಿಕ್ಕರೆ ಸಾಕು, ಉಳಿದದ್ದೆಲ್ಲ ತಾನಾಗಿಯೇ ಒಲಿದು ಬರುತ್ತದೆ. ಇಟಲಿಗೆ ಬಂದ ಮೇಲೆ ತಿಳಿದದ್ದು, ಇಲ್ಲಿ ಅದೊಂದು ಶಾಸ್ತ್ರ. ಅದಕ್ಕೆ ಹೊತ್ತುಗೊತ್ತುಂಟು, ಉಡುಪುಂಟು, ಮಡಿ ಮೈಲಿಗೆಯೂ ಉಂಟು. ಬಸ್ಸು ತಡವಾದರೂ ಆದೀತು, ಶನಿವಾರ ಭಾನುವಾರದ ಪುರುಸೊತ್ತು ಮಾತ್ರ ಗಡಿಯಾರ ತಪ್ಪಿ ನಡೆಯುವುದಿಲ್ಲ.

ನಾನಿರುವುದು ಪೆರೂಜಾದಲ್ಲಿ. ಮಧ್ಯ ಇಟಲಿಯ ಉಂಬ್ರಿಯಾ ಪ್ರಾಂತಕ್ಕೆ ಇದೇ ರಾಜಧಾನಿ. ಊರು ಗುಡ್ಡದ ನೆತ್ತಿಯ ಮೇಲಿದೆ. ಎಲ್ಲಿಗೆ ಹೊರಟರೂ ಒಂದೋ ಹತ್ತಬೇಕು, ಇಲ್ಲವೇ ಆಮೇಲೆ ಹತ್ತಬೇಕಾದೀತೆಂದು ಕೊರಗುತ್ತ ಇಳಿಯಬೇಕು. ಪರದೇಶಿಗಳಿಗೆ ಇಟಾಲಿಯನ್ ಕಲಿಸಲೆಂದೇ ಇಲ್ಲೊಂದು ವಿಶ್ವವಿದ್ಯಾಲಯವಿದೆ. 1921ರಲ್ಲಿ ತರಗತಿಗಳಾಗಿ ಶುರುವಾದದ್ದು 1925ರಲ್ಲಿ ವಿಶ್ವವಿದ್ಯಾಲಯವಾಯಿತು. ಹದಿನೆಂಟನೆಯ ಶತಮಾನದ ಒಂದು ಅರಮನೆಯಲ್ಲಿ ಅದರ ವಾಸ. ಎದುರಿಗೇ ಎಟ್ರುಸ್ಕನ್ನರು ಕ್ರಿಸ್ತಪೂರ್ವದಲ್ಲಿ ಕಟ್ಟಿದ ಕಲ್ಲಿನ ಹೆಬ್ಬಾಗಿಲು. ಅವರಾಡುತ್ತಿದ್ದ ಭಾಷೆಯ ಅಕ್ಷರಗಳನ್ನು ಪಂಡಿತರು ಓದಬಲ್ಲರು. ಅರ್ಥ ಮಾತ್ರ ಇಂದಿಗೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಇಟಾಲಿಯನ್ನಿನಲ್ಲಿ ನನ್ನ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಹಾಗಾಗಿ ತರಗತಿಗೆ ಹೋಗುವಾಗಲೆಲ್ಲ ಆ ಬಾಗಿಲನ್ನು ಗೌರವದಿಂದ ನೋಡಿಯೇ ಒಳಹೋಗುತ್ತೇನೆ.

ವಾರದ ಐದು ದಿನ ವ್ಯಾಕರಣದ್ದು. ಇಟಾಲಿಯನ್ನಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಲು ಒಂದು ಕ್ರಿಯಾರೂಪ. ‘ನನಗನ್ನಿಸುತ್ತದೆ’, ‘ನನಗೆ ಸಂಶಯ’, ‘ಹಾಗಾಗಲಿ’ ಎಂದು ಶುರುಮಾಡಿದಿರೋ, ಕ್ರಿಯಾಪದ ವೇಷ ಬದಲಿಸಿಕೊಂಡು ಬರಬೇಕು. ಅದರ ಹೆಸರು ಕೊಂಜುಂತೀವೊ. ಅದರ ಭಯದಿಂದ ಸೋಮವಾರದಿಂದ ಶುಕ್ರವಾರದವರೆಗೆ ನನಗೆ ಯಾವ ವಿಷಯದ ಬಗೆಗೂ ಅಭಿಪ್ರಾಯವಿರುವುದಿಲ್ಲ, ಸಂಶಯವಂತೂ ಮೊದಲೇ ಇಲ್ಲ. ಸಹಪಾಠಿಗಳು ನನ್ನನ್ನು ಸ್ಥಿತಪ್ರಜ್ಞರ ಸಾಲಿಗೆ ಸೇರಿಸಿದ್ದಾರೆ.

ಶನಿವಾರ ಬೆಳಿಗ್ಗೆ ಪುರುಸೊತ್ತಿನ ಮೊದಲ ಅಧ್ಯಾಯ ಕಾಫಿ. ‘ಬಾರ್’ ಎಂದು ಬೋರ್ಡು ಹೊತ್ತ ಅಂಗಡಿಗೆ ಎಂಟು ಗಂಟೆಗೇ ಅಜ್ಜಿಯರು ನುಗ್ಗುವುದನ್ನು ಕಂಡು ಗಾಬರಿಯಾಗಬೇಕಿಲ್ಲ; ಅದು ಕಾಫಿಯಂಗಡಿ. ನಿಂತು ಕುಡಿದರೆ ಒಂದು ಬೆಲೆ, ಚೌಕದಲ್ಲಿ ಹಾಕಿದ ಕುರ್ಚಿಯಲ್ಲಿ ಕೂತರೆ ಇನ್ನೊಂದು. ಹಾಲು ಬೆರೆತ ಕಪುಚಿನೊ ಬೆಳಗಿನ ಬಾಬತ್ತು. ಊಟವಾದ ಮೇಲೆ ಅದನ್ನು ಕೇಳಿದರೆ ಯಾವ ಕಾನೂನೂ ಅಡ್ಡಬರುವುದಿಲ್ಲ, ಅಂಗಡಿಯವನ ಹುಬ್ಬು ಅಡ್ಡಬರುತ್ತದೆ. ತುಂಬಿದ ಹೊಟ್ಟೆಗೆ ಹಾಲು ಜೀರ್ಣವಾಗದು ಎಂಬುದು ಇಲ್ಲಿಯವರ ಖಚಿತ ನಂಬಿಕೆ. ಮೊಸರನ್ನವಿಲ್ಲದೆ ಊಟ ಮುಗಿದದ್ದೇ ಲೆಕ್ಕಕ್ಕಿಲ್ಲ ಎಂಬ ಊರಿನಿಂದ ಬಂದವಳು ನಾನು, ವಾದಿಸಬಹುದಿತ್ತು. ಆದರೆ ‘ನನಗನ್ನಿಸುತ್ತದೆ’ ಎಂದೇ ವಾದ ಶುರುವಾಗಬೇಕಲ್ಲ, ಸುಮ್ಮನಾಗುತ್ತೇನೆ. ಎಸ್ಪ್ರೆಸೊ ಎಂಬುದು ಮೂರು ಗುಟುಕಿನ ಕಷಾಯ. ಅದನ್ನು ಬೈಟು ಮಾಡಿದರೆ ಇಬ್ಬರಿಗೂ ಘಮ ಮಾತ್ರ ದಕ್ಕೀತು.

ಎರಡನೆಯ ಅಧ್ಯಾಯ ಮೆಟ್ಟಿಲು. ಊರ ನಡುವಿನ ಚೌಕದಲ್ಲಿ ಸಾನ್ ಲೊರೆಂಜೊ ಮಹಾ ಇಗರ್ಜಿ. ಅದರ ಮೆಟ್ಟಿಲ ಮೇಲೆ ಊರಿನ ವಿದ್ಯಾರ್ಥಿಗಳೆಲ್ಲ ಬಿಸಿಲಿಗೆ ಮೈಯೊಡ್ಡಿ ಕೂರುತ್ತಾರೆ. ಎದುರಿಗೆ ‘ಫೊಂತಾನಾ ಮಜ್ಜೊರೆ’ ಎಂಬ ಕಾರಂಜಿ. 1275ರಿಂದ 1278ರ ನಡುವೆ ನಿಕೊಲಾ ಪಿಸಾನೊ ಮತ್ತು ಅವನ ಮಗ ಜೊವಾನ್ನಿ ಕೆತ್ತಿದ್ದು. ಕೆಳಗಿನ ತೊಟ್ಟಿಯ ಸುತ್ತ ಹನ್ನೆರಡು ತಿಂಗಳುಗಳನ್ನೂ ಆಯಾ ತಿಂಗಳ ಕೆಲಸವನ್ನೂ ಬಿಡಿಸಿದ್ದಾರೆ. ಒಂದು ಕಡೆ ಪೈರು ಕೊಯ್ಯುತ್ತಿದ್ದಾರೆ, ಇನ್ನೊಂದು ಕಡೆ ತೆನೆ ಬಡಿಯುತ್ತಿದ್ದಾರೆ, ಮತ್ತೊಂದು ಕಡೆ ದ್ರಾಕ್ಷಿ ತುಳಿಯುತ್ತಿದ್ದಾರೆ. ಏಳು ಶತಮಾನ ದಾಟಿದರೂ ಆ ಕಲ್ಲಿನ ಮಂದಿಗೆ ರಜೆಯಿಲ್ಲ. ಅವರು ದುಡಿಯುವುದನ್ನು ನಾವು ಜೀವಂತ ಮಂದಿ ಕೈಕಟ್ಟಿ ಕೂತು ನೋಡುತ್ತೇವೆ. ಕಲೆಯ ಆಸ್ವಾದನೆ ಎಂದರೆ ಇದೇ ಇರಬೇಕು. ನನ್ನ ತಕರಾರು ಒಂದೇ ಫಲಕದ ಮೇಲೆ. ವಿದ್ಯೆಗಳನ್ನು ಸ್ತ್ರೀರೂಪದಲ್ಲಿ ಕೆತ್ತಿದ ಸಾಲಿನಲ್ಲಿ ಮೊದಲ ಸ್ಥಾನ ವ್ಯಾಕರಣಕ್ಕೆ. ಆಕೆ ಒಬ್ಬ ಹುಡುಗನಿಗೆ ಪಾಠ ಹೇಳುತ್ತಿದ್ದಾಳೆ. ಶನಿವಾರವೂ!

ಮೆಟ್ಟಿಲ ಮೇಲೆ ನಮ್ಮದೊಂದು ಗುಂಪಿದೆ. ನಿವೃತ್ತಿಯಾದ ಮೇಲೆ ಇಟಲಿಯನ್ನು ಪ್ರೀತಿಸಲು ಪುರುಸೊತ್ತಾದ ಒಬ್ಬ ಜರ್ಮನ್ ಹಿರಿಯರು, ಇಲ್ಲಿಂದ ವಲಸೆ ಹೋದ ಮುತ್ತಜ್ಜನ ಊರು ಹುಡುಕುತ್ತ ಬಂದ ಬ್ರೆಜಿಲ್ ಹುಡುಗಿ, ‘ಮಾರ್ಕೊ ಪೋಲೊ’ ಎಂಬ ಹೆಸರಿನ ಯೋಜನೆಯಡಿ ಓದಲು ಬಂದ ಚೀನೀ ಹುಡುಗ. ಏಳುನೂರು ವರ್ಷದ ಕೆಳಗೆ ಮಾರ್ಕೊ ಪೋಲೊ ಮಾಡಿದ ಖರ್ಚನ್ನು ಈಗ ಈ ಹುಡುಗ ವಸೂಲು ಮಾಡಿಕೊಂಡು ಹೋಗಲಿದ್ದಾನೆ. ನಮ್ಮ ನಡುವೆ ಇರುವ ಸಾಮಾನ್ಯ ಭಾಷೆ ಹರಕು ಇಟಾಲಿಯನ್. ಎಲ್ಲರದೂ ಒಂದೇ ಮಟ್ಟದ ಹರಕಾದ್ದರಿಂದ ಮಾತು ಸಲೀಸಾಗಿ ಓಡುತ್ತದೆ. ಉಚ್ಚಾರಣೆಯಲ್ಲಿ ಮಾತ್ರ ನಾನು ಒಂದು ಕೈ ಮೇಲು. ಒತ್ತಕ್ಷರವನ್ನು ಒತ್ತಿ ಹೇಳುವುದು, ಪದವನ್ನು ಸ್ವರದಲ್ಲಿ ಮುಗಿಸುವುದು, ಎರಡೂ ಕನ್ನಡದವರಿಗೆ ತೊಟ್ಟಿಲಲ್ಲೇ ಬಂದ ವಿದ್ಯೆ. ಇದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಜರ್ಮನ್ ಹಿರಿಯರು ಬಾಯಿ ತೆರೆದರೆ ಅಂಗಡಿಯಾಕೆ ನಿಧಾನವಾಗಿ ಬಿಡಿಸಿ ಬಿಡಿಸಿ ಉತ್ತರಿಸುತ್ತಾಳೆ. ನಾನು ತೆರೆದರೆ, ಈಕೆಗೆ ಎಲ್ಲ ಗೊತ್ತಿದೆ ಎಂದುಕೊಂಡು ಆಕೆ ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕುತ್ತಾಳೆ.

ಸಂಜೆ ಪಸೆಜ್ಜಾತ, ಅಂದರೆ ಸುತ್ತಾಟ. ವರ್ಣಚಿತ್ರಕಾರ ಪೆರುಜೀನೊನ ಮನೆತನದ ಹೆಸರು ಹೊತ್ತ ಕೊರ್ಸೊ ವನ್ನುಚ್ಚಿ ಎಂಬ ಬೀದಿಯ ಈ ತುದಿಯಲ್ಲಿ ಕಾರಂಜಿ, ಆ ತುದಿಯಲ್ಲಿ ಕಣಿವೆಯಾಚೆ ಅಸ್ಸೀಸಿ ಕಾಣುವ ಉದ್ಯಾನ. ನಡುವೆ ಇಡೀ ಊರು ಇಸ್ತ್ರಿ ಹಾಕಿದ ಉಡುಪಿನಲ್ಲಿ ಹೋಗುತ್ತದೆ, ತಿರುಗುತ್ತದೆ, ಬರುತ್ತದೆ. ಎಲ್ಲಿಗೂ ಹೋಗುವುದಿರುವುದಿಲ್ಲ, ಏನನ್ನೂ ಕೊಳ್ಳುವುದಿರುವುದಿಲ್ಲ. ಇಲ್ಲಿ ಬಿರಬಿರನೆ ನಡೆದರೆ ಯಾರಿಗೋ ಹುಷಾರಿಲ್ಲವೇ ಎಂದು ಕೇಳಿಯಾರು. ಎದುರಾದವರನ್ನು ಮೊದಲ ಸುತ್ತಿನಲ್ಲಿ ನಿಂತು ಮಾತಾಡಿಸಬೇಕು, ಎರಡನೆಯದರಲ್ಲಿ ನಗಬೇಕು, ಮೂರನೆಯದರಲ್ಲಿ ಹುಬ್ಬು ಹಾರಿಸಿದರೆ ಸಾಕು. ಟ್ರ್ಯಾಕ್ ಪ್ಯಾಂಟಿನಲ್ಲಿ ಬೀದಿಗಿಳಿಯಬಾರದು ಎಂಬ ಬೋರ್ಡು ಎಲ್ಲೂ ಇಲ್ಲ, ನೋಟಗಳೇ ಬೋರ್ಡು.

ಭಾನುವಾರ ಮನೆಯೊಡತಿಯ ಊಟ. ಮಧ್ಯಾಹ್ನ ಹನ್ನೆರಡಕ್ಕೆ ಟೀವಿಯಲ್ಲಿ ಪೋಪರು ಕಿಟಕಿಗೆ ಬಂದು ಪ್ರಾರ್ಥನೆ ಹೇಳುತ್ತಾರೆ. ಆಕೆ ಒಂದು ಕೈಯಲ್ಲಿ ಶಿಲುಬೆಯ ಗುರುತು ಮಾಡುತ್ತ ಇನ್ನೊಂದು ಕೈಯಿಂದ ಪಾಸ್ತಾದ ನೀರಿಗೆ ಹಿಡಿ ಉಪ್ಪು ಸುರಿಯುತ್ತಾರೆ. ಬ್ರೆಡ್ಡಿಗೆ ಮಾತ್ರ ಚಿಟಿಕೆಯೂ ಇಲ್ಲ. ಉಪ್ಪಿಗಿಂತ ರುಚಿಯಿಲ್ಲ ಎಂದು ಕೇಳುತ್ತ ಬೆಳೆದ ನಾಲಿಗೆಗೆ ಈ ಊರಿನ ಬ್ರೆಡ್ಡು ದೊಡ್ಡ ವ್ರತ. ಕಾರಣ ಕೇಳಿದರೆ ಊರವರೆಲ್ಲ ಬೊಟ್ಟು ಮಾಡುವುದು 1540ಕ್ಕೆ. ಆಗ ಮೂರನೆಯ ಪಾಲ್ ಎಂಬ ಪೋಪ್ ಉಪ್ಪಿನ ತೆರಿಗೆ ಏರಿಸಿದ, ಪೆರೂಜಾ ದಂಗೆಯೆದ್ದಿತು, ಸೋತಿತು. ಗೆದ್ದ ಪೋಪ್ ಎದುರಾಳಿ ಮನೆತನದ ಕೇರಿಯನ್ನೇ ಅಡಿಪಾಯ ಮಾಡಿಕೊಂಡು ಕೋಟೆ ಕಟ್ಟಿಸಿದ. ಜನ ಉಪ್ಪು ಬಿಟ್ಟರು ಎಂಬುದು ಕಥೆ. ಬ್ರೆಡ್ಡು ಅದಕ್ಕೂ ಮೊದಲೇ ಸಪ್ಪೆಯಾಗಿತ್ತು ಎನ್ನುವ ಇತಿಹಾಸಕಾರರಿದ್ದಾರೆ. ಅವರನ್ನು ಭಾನುವಾರ ಯಾರೂ ಊಟಕ್ಕೆ ಕರೆಯುವುದಿಲ್ಲ. ಇಟಲಿ ಒಂದಾಗುವ ಹೊತ್ತಿಗೆ ಊರವರು ಕೋಟೆಯನ್ನು ಕೆಡವಿ ಸಿಟ್ಟು ತೀರಿಸಿಕೊಂಡರು. ನೆಲದಡಿ ಉಳಿದ ಹಳೆಯ ಕೇರಿಯೊಳಗೆ 1983ರಿಂದ ಎಸ್ಕಲೇಟರ್ ಓಡುತ್ತಿದೆ. ಹದಿನಾರನೆಯ ಶತಮಾನದೊಳಗೆ ಹಾದು ನಾನು ತರಕಾರಿ ತರುತ್ತೇನೆ.

ಊಟ ಒಂದು ಗಂಟೆಗೆ ಶುರುವಾಗುತ್ತದೆ, ಮುಗಿಯುವ ಹೊತ್ತನ್ನು ಯಾರೂ ಕೇಳುವುದಿಲ್ಲ. ಹಂದಿಮಾಂಸಕ್ಕೆ ಹೆಸರಾದ ಉಂಬ್ರಿಯಾದಲ್ಲಿ ಸಸ್ಯಾಹಾರಿಯೊಬ್ಬಳು ಮೇಜಿಗೆ ಬಂದು ಕೂತದ್ದು ಮನೆಯೊಡತಿಗೆ ಮೊದಮೊದಲು ನನ್ನ ಆರೋಗ್ಯದ ಸಮಸ್ಯೆಯಾಗಿ ಕಂಡಿತ್ತು. ಈಗ ಬೇಳೆ, ಅಣಬೆ, ಸೊಪ್ಪು, ಚೀಸುಗಳಿಂದ ಚಿಕಿತ್ಸೆ ನಡೆಸಿದ್ದಾರೆ.

“ಇನ್ನೊಂದು ಸ್ವಲ್ಪ ಹಾಕಿಕೊ, ಮಗಳೇ.”

“ಸಾಕು ಸಿನ್ಯೋರಾ, ಹೊಟ್ಟೆ ತುಂಬಿದೆ.”

“ತುಂಬಿದೆ ಎನ್ನಲು ಈಗಿನ್ನೂ ಪಾಸ್ತಾ ಆಗಿದೆ ಅಷ್ಟೇ.”

ಊಟದ ಮೇಲೆ ಊರು ನಿದ್ದೆಹೋಗುತ್ತದೆ. ಹತ್ತಿರದ ಟ್ರಾಸಿಮೆನೊ ಸರೋವರಕ್ಕೆ ಹೋಗಬೇಕೆಂದು ನಮ್ಮ ಗುಂಪು ಪ್ರತಿ ವಾರ ತೀರ್ಮಾನಿಸುತ್ತದೆ. ಕ್ರಿ.ಪೂ. 217ರಲ್ಲಿ ಹ್ಯಾನಿಬಲ್ ಬೆಳಗಿನ ಮಂಜಿನಲ್ಲಿ ಹೊಂಚುಹಾಕಿ ರೋಮನ್ ಸೈನ್ಯವನ್ನು ಮುಗಿಸಿದ್ದು ಅದರ ದಡದಲ್ಲೇ. ವಾರಾಂತ್ಯದಲ್ಲಿ ಅಷ್ಟು ಬೆಳಿಗ್ಗೆ ಏಳಲು ಅವನಂಥ ಹಟ ಬೇಕು, ನಮಗಿಲ್ಲ.

ಸೋಮವಾರ ಮೇಡಂ ಕೇಳುವ ಮೊದಲ ಪ್ರಶ್ನೆ, ವಾರಾಂತ್ಯದಲ್ಲಿ ಏನು ಮಾಡಿದಿರಿ? ದಿನಬಳಕೆಯ ಇಟಾಲಿಯನ್ನಿಗೆ ಮುಖ್ಯವಾಗಿ ಎರಡು ಭೂತಕಾಲ: ಮಾಡಿ ಮುಗಿಸಿದ ಕೆಲಸಕ್ಕೆ ಒಂದು, ಮುಗಿಯದೆ ನಡೆಯುತ್ತಲೇ ಇದ್ದುದಕ್ಕೆ ಇನ್ನೊಂದು. ರೋಮು, ಫ್ಲಾರೆನ್ಸು ಸುತ್ತಿ ಬಂದವರು ಮೊದಲನೆಯದರಲ್ಲಿ ತಡವರಿಸುತ್ತಾರೆ. ನಾನು ಎರಡನೆಯದನ್ನು ಹಿಡಿದು ನಿರರ್ಗಳವಾಗಿ ಹೇಳುತ್ತೇನೆ: ಕೂತಿದ್ದೆ, ನೋಡುತ್ತಿದ್ದೆ, ತಿನ್ನುತ್ತಿದ್ದೆ, ಬಿಸಿಲಿತ್ತು. ಒಂದೂ ತಪ್ಪಿರುವುದಿಲ್ಲ, ಮೇಡಂ ಮೆಚ್ಚುತ್ತಾರೆ. ಸುಮ್ಮನಿದ್ದವರ ಅನುಕೂಲಕ್ಕೆಂದು ಪ್ರತ್ಯೇಕ ಕಾಲವನ್ನೇ ಇಟ್ಟುಕೊಂಡ ಭಾಷೆಯನ್ನು ಓಡಾಡಿಕೊಂಡು ಕಲಿಯುವುದು ಅದಕ್ಕೆ ಮಾಡುವ ಅಪಚಾರ.

ಆದ್ದರಿಂದ ಇಟಾಲಿಯನ್ ಕಲಿಯಲು ಹೊರಟವರಿಗೆ ನನ್ನ ಸಲಹೆ ಇಷ್ಟೇ: ಶುಕ್ರವಾರ ಸಂಜೆ ಪುಸ್ತಕ ಮುಚ್ಚಿಡಿ, ಇಸ್ತ್ರಿ ಮಾಡಿದ ಬಟ್ಟೆ ಒಂದು ಜೊತೆ ಇರಲಿ, ಭಾನುವಾರ ಊಟಕ್ಕೆ ಯಾರು ಕರೆದರೂ ಹೋಗಿ. ‘ಸಾಕು’ ಎಂಬುದನ್ನು ಮಾತ್ರ ಮನೆಯಲ್ಲೇ ಚೆನ್ನಾಗಿ ಅಭ್ಯಾಸ ಮಾಡಿಕೊಂಡು ಹೋಗಿ. ಯಾರೂ ಕೇಳಿಸಿಕೊಳ್ಳುವುದಿಲ್ಲ, ಆದರೂ ಉಚ್ಚಾರಣೆ ಸುಧಾರಿಸುತ್ತದೆ.